“ಹೆಸರು ತಲೆಗೆ ಹೋಗವಲ್ವು”: ಹತ್ತಾರು ನಾಡಿನ ಜನ ತುಂಬಿದ ಫ್ಯಾಂಟಸಿ ಕಾದಂಬರಿ ಓದುವುದು ಹೇಗೆ?

ಪ್ರಶ್ನೆ: ನಾ ಪಿಯುಸಿ ಎರಡನೇ ವರ್ಷದಾಗ ಇದ್ದೀನ್ರಿ. ಊರು ಜಮಖಂಡಿ, ಈಗ ವಿಜಯಪುರದಾಗ ಹಾಸ್ಟೆಲ್ ಒಳಗ ಇರ್ತೀನಿ. ಹತ್ತನೇತ್ತೆ ತನಕ ಕನ್ನಡ ಮೀಡಿಯಂ. ಬೆಳಗಾವಿಯೊಳಗಿರೋ ಕಾಕಾನ ಮಗಳು ಲೀ ಬಾರ್ಡುಗೊ ಬರೆದ ‘ಸಿಕ್ಸ್ ಆಫ್ ಕ್ರೋಸ್’ ಕೊಟ್ಟು “ಭಾಳ ಛಲೋ ಐತಿ, ಓದು” ಅಂದ್ಲು. ಅರವತ್ತು ಪುಟ ಓದೇನಿ. ಯಾರು ಯಾರು ಅಂತ ತಿಳಿವಲ್ದು, ಹೆಸರು ತಲೆಗೆ ಹೋಗವಲ್ವು. ಒಬ್ಬೊಬ್ಬರದು ಒಂದೊಂದು ದೇಶ, ಒಂದೊಂದು ದೇವ್ರು. ಅದನ್ನೆಲ್ಲಾ ಮೊದಲ ತಿಳ್ಕೊಂಡು ಓದಬೇಕೇನ್ರಿ? ರೂಮಿನ ಮೂರು ಗೆಳತ್ಯಾರೂ ಓದ್ತೀವಿ ಅಂತಾರ. ಹ್ಯಾಂಗ ಓದಿದ್ರ ಮಜಾ ಬರತೈತಿ ಹೇಳ್ರಿ.

ಉತ್ತರ: ತಂಗಿ, ನಿಮ್ಮ ಇಂಗ್ಲಿಷ್ ಕಡಿಮೆಯಾಗಿ ಹೀಗಾಗಿಲ್ಲ. ಈ ಕಾದಂಬರಿಯ ಮೊದಲ ಭಾಗದಲ್ಲಿ ಇಂಗ್ಲಿಷ್ ಮೀಡಿಯಂ ಮಕ್ಕಳೂ ಎಡವುತ್ತಾರೆ, ಅದೂ ಹೆಚ್ಚುಕಡಿಮೆ ನೀವು ನಿಂತ ಜಾಗದಲ್ಲೇ. ಕಾರಣ ಪುಸ್ತಕ ಕಟ್ಟಿದ ರೀತಿಯಲ್ಲಿದೆ.

ಮೊದಲ ಅಧ್ಯಾಯ ಯೋಸ್ಟ್ ಎಂಬ ಕಾವಲುಗಾರನದು. ನೀವು ಅವನ ಹೆಸರು, ಅವನ ಮೀಸೆ, ಅವನಿಗೆ ಇಷ್ಟವಾದ ಹುಡುಗಿ ಎಲ್ಲವನ್ನೂ ನೆನಪಿಟ್ಟುಕೊಂಡು ಎರಡನೇ ಅಧ್ಯಾಯಕ್ಕೆ ಹೋಗುತ್ತೀರಿ. ಅಲ್ಲಿ ಅವನಿಲ್ಲ. ಮುಂದೆ ಯಾವ ಅಧ್ಯಾಯವೂ ಅವನ ಕಣ್ಣಿನಿಂದ ಬರುವುದಿಲ್ಲ. ಆ ಅಧ್ಯಾಯದಲ್ಲಿ ಹಿಡಿದಿಟ್ಟುಕೊಳ್ಳಬೇಕಾದದ್ದು ಒಂದೇ ಸಂಗತಿ: ಜುರ್ಡಾ ಪಾರೆಮ್ ಎಂಬ ಹೊಸ ಮದ್ದು ಬಂದಿದೆ, ಅದನ್ನು ತಿಂದ ಗ್ರಿಶಾಗಳ, ಅಂದರೆ ಹುಟ್ಟಿನಿಂದಲೇ ಮಾಂತ್ರಿಕ ಶಕ್ತಿಯಿರುವವರ, ಬಲ ವಿಪರೀತ ಏರುತ್ತದೆ, ಒಮ್ಮೆ ತಿಂದವರಿಗೆ ಅದರ ಚಟ ಬಿಡುವುದಿಲ್ಲ. ಇಡೀ ಕಾದಂಬರಿ ಈ ಮದ್ದಿನ ಸುತ್ತ ನಡೆಯುತ್ತದೆ. ಯೋಸ್ಟ್‌ನನ್ನು ನಿಶ್ಚಿಂತೆಯಿಂದ ಮರೆತುಬಿಡಿ.

ಎರಡನೇ ತೊಡಕು ಇದಕ್ಕಿಂತ ದೊಡ್ಡದು. ಕಾದಂಬರಿಯಲ್ಲಿ 46 ಅಧ್ಯಾಯಗಳಿವೆ. ಪ್ರತಿಯೊಂದರ ನೆತ್ತಿಯ ಮೇಲೆ ಒಬ್ಬರ ಹೆಸರಿದೆ. ಆ ಅಧ್ಯಾಯ ಪೂರ್ತಿ ಅವರು ಕಂಡದ್ದು, ಅವರು ಅಂದುಕೊಂಡದ್ದು ಮಾತ್ರ. ಆದರೆ ‘ನಾನು’ ಎಂದು ಯಾರೂ ಹೇಳುವುದಿಲ್ಲ, ಎಲ್ಲವೂ ‘ಅವನು’, ‘ಅವಳು’ ಎಂದೇ ನಡೆಯುತ್ತದೆ. ಹಾಗಾಗಿ ಕತೆ ಹೇಳುವವನು ಒಬ್ಬನೇ ಎಂದುಕೊಂಡು ನಾವು ನೆತ್ತಿಯ ಹೆಸರನ್ನು ದಾಟಿ ಓದಿಬಿಡುತ್ತೇವೆ. ಕತೆಯ ತಂಡದ ಮುಖಂಡ ಕಾಜ್ ಒಬ್ಬ ಕ್ರೂರಿ ಎಂದು ಒಂದು ಕಡೆ ಅನಿಸಿದರೆ ಅದು ಅವನ ತಂಡದ ಇನೆಜ್‌ಳ ಅನುಮಾನ ಇರಬಹುದು. ಗ್ರಿಶಾಗಳು ಪಾಪಿಗಳು ಎಂದು ಇನ್ನೊಂದು ಕಡೆ ಬಂದರೆ ಅದು ಮಥಾಯಸ್‌ನ ನಂಬಿಕೆ, ಲೇಖಕಿಯ ತೀರ್ಪಲ್ಲ. ಇದನ್ನು ಬೇರ್ಪಡಿಸದೆ ಓದಿದರೆ ಪುಸ್ತಕ ತನ್ನ ಮಾತನ್ನು ತಾನೇ ಅಲ್ಲಗಳೆದಂತೆ ಕಾಣುತ್ತದೆ.

ಅದಕ್ಕೆ ಕಟ್ಟುನಿಟ್ಟಾದ ಒಂದು ರೂಢಿ ಮಾಡಿಕೊಳ್ಳಿ. ಒಂದು ಕೂತಿಗೆ ಒಂದು ಅಧ್ಯಾಯ. ಸರಾಸರಿ ಹತ್ತು ಪುಟದಷ್ಟಿರುತ್ತದೆ. ನಡುವೆ ಪುಸ್ತಕ ಮುಚ್ಚಬೇಡಿ. ಅರ್ಧಕ್ಕೆ ಬಿಟ್ಟು ಮರುದಿನ ತೆರೆದರೆ ಯಾರ ಕಣ್ಣೊಳಗಿದ್ದೆವು ಎಂಬುದೇ ಮರೆತಿರುತ್ತದೆ, ಗೊಂದಲದ ಅರ್ಧ ಪಾಲು ಇಲ್ಲಿಂದಲೇ ಹುಟ್ಟುವುದು. ಅಧ್ಯಾಯ ಶುರು ಮಾಡುವ ಮುನ್ನ ನೆತ್ತಿಯ ಹೆಸರನ್ನು ಬಾಯಿಬಿಟ್ಟು ಓದಿ. ಊಟದ ಗಂಟೆ ಹೊಡೆದು ನಡುವೆ ಏಳಲೇಬೇಕಾಯಿತೆಂದರೆ ಪುಟದ ಮೂಲೆಯಲ್ಲಿ ಪೆನ್ಸಿಲ್‌ನಿಂದ ಆ ಹೆಸರಿನ ಮೊದಲ ಅಕ್ಷರ ಬರೆದಿಡಿ. ಪುಸ್ತಕ ಅಕ್ಕನದಾದ್ದರಿಂದ ಪೆನ್ ಬೇಡ.

ಈಗ ಹೆಸರುಗಳ ವಿಷಯ. ನಿಮ್ಮ ಕಡೆ ದೊಡ್ಡಾಟ ನೋಡಿದ್ದರೆ ಗೊತ್ತಿರುತ್ತದೆ: ಪಾತ್ರ ರಂಗಕ್ಕೆ ಬಂದ ಕೂಡಲೇ ಸಾರಥಿ ತಡೆದು ನೀವು ಯಾರು, ನಿಮ್ಮ ನಾಮಾಂಕಿತವೇನು, ಯಾವ ಪಟ್ಟಣದವರು, ಬಂದ ಕಾರ್ಯವೇನು ಎಂದು ಕೇಳುತ್ತಾನೆ. ಪಾತ್ರ ಉತ್ತರ ಕೊಟ್ಟ ಮೇಲೇ ಆಟ ಮುಂದೆ ಸಾಗುವುದು. ಇಂಥ ಕಾದಂಬರಿಯಲ್ಲಿ ಸಾರಥಿ ಇರುವುದಿಲ್ಲ, ಆ ಕೆಲಸ ಓದುಗರೇ ಮಾಡಬೇಕು. ಲಾಂಗ್ ನೋಟ್‌ಬುಕ್ಕಿನ ಒಂದು ಹಾಳೆ ಹರಿದು ಮೂರು ಮಡಿಕೆ ಮಾಡಿ. ಎರಡೂ ಬದಿ ಸೇರಿ ಆರು ಅಂಕಣವಾಯಿತು, ಕತೆಯ ಆರು ಮುಖ್ಯ ಪಾತ್ರಕ್ಕೆ ಸರಿಹೋಯಿತು. ಅದೇ ನಿಮ್ಮ ಪುಟಗುರುತು ಕೂಡ. ಪ್ರತಿ ಅಂಕಣದಲ್ಲಿ ಐದು ಸಾಲು: ಹೆಸರು, ನಾಡು, ಕೈಯಲ್ಲಿರುವ ವಸ್ತು ಅಥವಾ ವಿದ್ಯೆ, ಏನು ಬೇಕಾಗಿದೆ, ಯಾವುದಕ್ಕೆ ಅಂಜುತ್ತಾರೆ.

ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ಬರೆಯಿರಿ. ಇಂಗ್ಲಿಷ್ ಅಕ್ಷರದಲ್ಲಿರುವ ಅಪರಿಚಿತ ಹೆಸರನ್ನು ಕಣ್ಣು ಬರೀ ಆಕಾರವಾಗಿ ನೋಡಿ ಜಾರಿಬಿಡುತ್ತದೆ, ಬಾಯಿಗೆ ಬರದ ಹೆಸರು ನೆನಪಿಗೂ ಬರುವುದಿಲ್ಲ. ಕನ್ನಡದಲ್ಲಿ ಒಮ್ಮೆ ಬರೆದರೆ ಅದಕ್ಕೊಂದು ಉಚ್ಚಾರ ನಿಲ್ಲುತ್ತದೆ. ಉಚ್ಚಾರ ಪೂರ್ತಿ ಸರಿಯಿರಬೇಕೆಂದೇನಿಲ್ಲ, ಪ್ರತಿಸಲ ಒಂದೇ ಇದ್ದರೆ ಸಾಕು.

ಮೊದಲ ಮೂರು ಸಾಲು ನಾವೇ ತುಂಬಿ ಕೊಡುತ್ತೇವೆ. ಕಾಜ್ ಬ್ರೆಕರ್, 17 ವರ್ಷ, ಕೆರ್ಚ್ ನಾಡಿನ ಕೆಟರ್‌ಡ್ಯಾಮ್ ಪಟ್ಟಣದ ಪುಂಡರ ಗುಂಪಿನವ, ಕಾಗೆತಲೆಯ ಊರುಗೋಲು, ಸದಾ ಕೈಗವಸು. ಇನೆಜ್ ಗಾಫಾ, 16, ಸೂಲಿ ಜನಾಂಗದವಳು, ಚಾಕುಗಳು, ಸದ್ದಿಲ್ಲದೆ ಹತ್ತಿ ಇಳಿಯುವ ವಿದ್ಯೆ. ಜೆಸ್ಪರ್ ಫಾಹಿ, 17, ನೋವಿ ಜೆಮ್ ನಾಡಿನ ರೈತನ ಮಗ, ಎರಡು ರಿವಾಲ್ವರ್, ಜೂಜಿನ ಹುಚ್ಚು. ನೀನಾ ಜೆನಿಕ್, 17, ರಾವ್ಕಾ ನಾಡಿನ ಗ್ರಿಶಾ, ಎದುರಿನವರ ಎದೆಬಡಿತವನ್ನೇ ಹಿಡಿತಕ್ಕೆ ತೆಗೆದುಕೊಳ್ಳಬಲ್ಲವಳು. ಮಥಾಯಸ್ ಹೆಲ್ವಾರ್, 18, ಫಿಯೆರ್ಡಾ ನಾಡಿನವ, ಗ್ರಿಶಾಗಳನ್ನು ಬೇಟೆಯಾಡುವ ಪಡೆಯಲ್ಲಿದ್ದವ. ವೈಲನ್, 16, ಕೆರ್ಚ್‌ನ ದೊಡ್ಡ ವ್ಯಾಪಾರಿಯ ಮಗ, ಸಿಡಿಮದ್ದು. ಕೊನೆಯ ಎರಡು ಸಾಲು, ಅಂದರೆ ಬೇಕಾದದ್ದು ಮತ್ತು ಅಂಜಿಕೆ, ನೀವೇ ಪೆನ್ಸಿಲ್‌ನಲ್ಲಿ ಬರೆಯಿರಿ. ಓದುತ್ತ ಹೋದಂತೆ ಅಳಿಸಿ ತಿದ್ದಬೇಕಾಗುತ್ತದೆ. ಹಾಗೆ ತಿದ್ದುವಾಗಲೇ ಪಾತ್ರ ಗಟ್ಟಿಯಾಗಿ ಪರಿಚಯವಾಗುತ್ತದೆ, ಆದ್ದರಿಂದ ಇಂಟರ್ನೆಟ್‌ನಲ್ಲಿ ಸಿಗುವ ಪಾತ್ರಪಟ್ಟಿ ನೋಡಿ ತುಂಬಬೇಡಿ. ಅವುಗಳಲ್ಲಿ ಮೂರನೇ ಸಾಲಿಗೇ ಕತೆಯ ಗುಟ್ಟು ಒಡೆದಿರುತ್ತದೆ. ಗುಂಪಿನ ಇತರ ಪುಂಡರು, ಎದುರು ಗುಂಪಿನವರು, ವ್ಯಾಪಾರಿಗಳ ಹೆಸರು ಡಜನ್‌ಗಟ್ಟಲೆ ಬರುತ್ತವೆ. ಮೂರನೇ ಸಲ ಎದುರಾಗುವ ತನಕ ಯಾವುದನ್ನೂ ಬರೆದುಕೊಳ್ಳಬೇಡಿ.

ನಾಡು, ದೇವರು ಎಲ್ಲ ಮೊದಲೇ ಗೊತ್ತಿರಬೇಕೇ ಎಂದು ಕೇಳಿದ್ದೀರಿ. ಬೇಕಿಲ್ಲ. ಅವೆಲ್ಲ ಕಲ್ಪಿತ ನಾಡುಗಳು, ಇಂಗ್ಲಿಷ್ ಓದುಗರಿಗೂ ಅಷ್ಟೇ ಹೊಸವು. ಆದರೂ ಅವಕ್ಕೆ ಹಿನ್ನೆಲೆಯಲ್ಲಿ ನಿಜವಾದ ಇತಿಹಾಸದ ಛಾಯೆ ಇದೆ. ರಾವ್ಕಾದಲ್ಲಿ ಜಾರ್ ಕಾಲದ ರಷ್ಯಾ, ಫಿಯೆರ್ಡಾದಲ್ಲಿ ಹಿಮದ ಸ್ಕ್ಯಾಂಡಿನೇವಿಯಾ, ಕೆರ್ಚ್‌ನಲ್ಲಿ ವ್ಯಾಪಾರವನ್ನೇ ದೇವರಾಗಿಸಿಕೊಂಡ ಡಚ್ಚರ ಆಮ್‌ಸ್ಟರ್‌ಡ್ಯಾಮ್ ಕಾಣುತ್ತದೆ. ಆ ಡಚ್ಚರು ನಿಮ್ಮ ಊರಿಗೆ ಪರಕೀಯರೇನಲ್ಲ. 17ನೇ ಶತಮಾನದಲ್ಲಿ ಅವರ ವ್ಯಾಪಾರದ ಕೋಠಿ ಆದಿಲ್‌ಶಾಹಿ ರಾಜ್ಯದ ವೆಂಗುರ್ಲಾ ಬಂದರಿನಲ್ಲಿತ್ತು, ಇವತ್ತು ಬೆಳಗಾವಿಯಿಂದ ಘಟ್ಟ ಇಳಿದು ಹೋಗುವ ಅದೇ ವೆಂಗುರ್ಲಾ. ಗೋಳಗುಮ್ಮಟದಲ್ಲಿ ಮಲಗಿರುವ ಮುಹಮ್ಮದ್ ಆದಿಲ್‌ಶಾಹನ ಆಸ್ಥಾನದಲ್ಲಿ ಇಖ್ಲಾಸ್ ಖಾನ್ ಎಂಬ ಆಫ್ರಿಕಾ ಮೂಲದ ಹಬಶಿ ಅತಿ ಪ್ರಬಲ ಮಂತ್ರಿಯಾಗಿದ್ದ, ಸುಲ್ತಾನನ ಜೊತೆ ಒಂದೇ ಆನೆಯ ಮೇಲೆ ಕುಳಿತ ಅವನ ಚಿತ್ರ ಇಂದಿಗೂ ಇದೆ. ಇರಾನಿನವರು, ತುರ್ಕರು, ಹಬಶಿಗಳು, ದಖನಿಗಳು, ಮರಾಠರು, ಕನ್ನಡಿಗರು ಒಂದೇ ಪೇಟೆಯಲ್ಲಿ ಓಡಾಡಿದ ಊರಿನಲ್ಲಿ ಕುಳಿತು ನೀವು ಕೆಟರ್‌ಡ್ಯಾಮಿನ ಕತೆ ಓದುತ್ತಿದ್ದೀರಿ. ಬೇರೆ ಬೇರೆ ಬಣ್ಣದ, ಬೇರೆ ಬೇರೆ ಭಾಷೆಯ ಜನ ಒಂದು ಗುಂಪಾಗುವುದನ್ನು ಕಲ್ಪಿಸಿಕೊಳ್ಳಲು ನಿಮಗೆ ಹೊರಗಿನ ಪಾಠ ಬೇಕಾಗಿಲ್ಲ.

ಇನೆಜ್‌ಳ ಸೂಲಿ ಜನರ ಬಗ್ಗೆ ಒಂದು ಮಾತು. ಅಲೆಮಾರಿ ಬದುಕು, ಹಗ್ಗದ ಮೇಲಿನ ಆಟ, ಮಾತುಮಾತಿಗೆ ಗಾದೆ, ಇವೆಲ್ಲ ಯುರೋಪಿನ ರೋಮಾ ಜನರನ್ನು ನೆನಪಿಸುತ್ತವೆ. ರೋಮಾನಿ ಭಾಷೆ ಇಂಡೋ-ಆರ್ಯನ್ ಕುಟುಂಬದ್ದು, ಅದರ ಬೇರು ನಮ್ಮ ದೇಶದಲ್ಲಿದೆ. ಪಶ್ಚಿಮದ ಓದುಗರಿಗೆ ಅವಳು ದೂರದವಳು. ದೊಂಬರಾಟ ಕಂಡವರಿಗೆ, ಊರೂರು ತಿರುಗುವ ಕುಟುಂಬಗಳನ್ನು ಊರವರು ಹೇಗೆ ನೋಡುತ್ತಾರೆಂದು ಬಲ್ಲವರಿಗೆ ಅವಳು ಹತ್ತಿರದವಳು. ಅವಳ ಅಧ್ಯಾಯಗಳನ್ನು ನೀವು ನಿಮ್ಮ ಅಕ್ಕನಿಗಿಂತ ಚೆನ್ನಾಗಿ ಓದಬಲ್ಲಿರಿ ಎಂದೇ ನಮ್ಮ ಅನಿಸಿಕೆ.

ಇಂಥ ಕಾದಂಬರಿಯ ನಿಜವಾದ ರುಚಿ ಎಲ್ಲಿದೆ ಎಂದರೆ, ಒಂದೇ ಜಾಗವನ್ನು ಬೇರೆ ಬೇರೆಯವರು ಬೇರೆ ಬೇರೆಯಾಗಿ ಕಾಣುವುದರಲ್ಲಿದೆ. ಯಾರ ಮೈಬಣ್ಣ ಯಾವುದು, ಯಾರು ಯಾವ ದೇವರಿಗೆ ಕೈಮುಗಿಯುತ್ತಾರೆ ಎಂಬ ಪಟ್ಟಿ ಮಾಡಿ ಮುಗಿಸಿದರೆ ಆ ರುಚಿ ಸಿಗುವುದಿಲ್ಲ. ಹೊಸ ಜಾಗಕ್ಕೆ ಕಾಲಿಟ್ಟ ಕೂಡಲೇ ಆ ಪಾತ್ರದ ಕಣ್ಣು ಮೊದಲು ಎಲ್ಲಿಗೆ ಹೋಗುತ್ತದೆ, ಅದನ್ನು ಹಿಡಿಯಿರಿ. ಇನೆಜ್ ಗೋಡೆಯಲ್ಲಿ ಕಾಲೂರಲು ಸಂದು ಎಲ್ಲಿದೆ, ನೆರಳು ಎಲ್ಲಿ ದಟ್ಟವಾಗಿದೆ ಎಂದು ನೋಡುತ್ತಾಳೆ. ಕಾಜ್ ಬೀಗ ನೋಡುತ್ತಾನೆ, ಮನುಷ್ಯರಲ್ಲೂ ಅವನು ಹುಡುಕುವುದು ಬೀಗವನ್ನೇ: ಇವನಿಗೆ ಏನು ಆಸೆ, ಯಾವುದರಿಂದ ಇವನನ್ನು ತೆರೆಯಬಹುದು. ಜೆಸ್ಪರ್‌ಗೆ ಸುಮ್ಮನಿರಲು ಆಗುವುದಿಲ್ಲ, ಅವನ ಬೆರಳು ರಿವಾಲ್ವರ್‌ನ ಹಿಡಿಯ ಮೇಲೆ, ಮನಸ್ಸು ಮುಂದಿನ ಪಂದ್ಯದ ಮೇಲೆ. ನೀನಾಳಿಗೆ ಎದುರಿನವರ ಉಸಿರು, ನಾಡಿ, ಮೈಯ ಬಿಸಿ ತಿಳಿಯುತ್ತದೆ, ಜೊತೆಗೆ ಊಟದ ವಾಸನೆಯೂ. ಮಥಾಯಸ್‌ನ ಕಣ್ಣು ಸರಿ-ತಪ್ಪನ್ನು ತೂಗುತ್ತಲೇ ಇರುತ್ತದೆ.

ಇದನ್ನು ಪರೀಕ್ಷಿಸಲು ಒಳ್ಳೆಯ ಜಾಗ ಫೆರೊಲಿಂಡ್ ಎಂಬ ಹಡಗಿನ ಪಯಣದ ಭಾಗ. ಜಾಗ ಒಂದೇ, ಹೋಗಲು ಬೇರೆ ದಾರಿಯಿಲ್ಲ, ಅಧ್ಯಾಯದಿಂದ ಅಧ್ಯಾಯಕ್ಕೆ ಕಣ್ಣು ಮಾತ್ರ ಬದಲಾಗುತ್ತದೆ. ಆ ಭಾಗ ಮುಗಿದ ಮೇಲೆ ಪುಸ್ತಕ ಮುಚ್ಚಿ, ಹಡಗಿನ ಬಗ್ಗೆ ಯಾರ ಅಧ್ಯಾಯದಲ್ಲಿ ಏನು ನೆನಪಿದೆ ಎಂದು ಪ್ರತಿ ಪಾತ್ರಕ್ಕೆ ಒಂದು ವಾಕ್ಯ ಬರೆಯಿರಿ. ಬರೆಯಲು ಆಗಲಿಲ್ಲವೆಂದರೆ ಆ ಪಾತ್ರದ ಒಂದು ಅಧ್ಯಾಯವನ್ನು ಮತ್ತೆ ಓದಿ. ಇಲ್ಲೇ ಇನ್ನೊಂದು ಎಡವುವ ಕಲ್ಲಿದೆ: ನೀನಾ-ಮಥಾಯಸ್‌ರ ಹಿಂದಿನ ಕತೆ, ಕಾಜ್‌ನ ಬಾಲ್ಯ, ಇವು ಮುನ್ಸೂಚನೆ ಇಲ್ಲದೆ ಅಧ್ಯಾಯದ ನಡುವೆ ನುಗ್ಗುತ್ತವೆ. ಹಳೆಯ ಕತೆ ಶುರುವಾದ ಸಾಲಿನಿಂದ ಮುಗಿಯುವ ಸಾಲಿನ ತನಕ ಅಂಚಿನಲ್ಲಿ ತೆಳುವಾಗಿ ಪೆನ್ಸಿಲ್ ಗೆರೆ ಎಳೆಯಿರಿ. ಹಡಗಿನಲ್ಲಿದ್ದವರು ಒಮ್ಮೆಲೇ ಹಿಮದಲ್ಲಿ ಹೇಗೆ ನಡೆಯುತ್ತಿದ್ದಾರೆ ಎಂಬ ದಿಗಿಲು ತಪ್ಪುತ್ತದೆ.

ನಿಘಂಟಿನ ಬಳಕೆ ಮಿತವಾಗಿರಲಿ. ಗ್ರಿಶಾ, ಕ್ರೂಗೆ, ದ್ರುಸ್ಕೆಲ್ಲೆ, ಪಾರೆಮ್, ಇವು ಯಾವ ನಿಘಂಟಿನಲ್ಲೂ ಇಲ್ಲ, ಮೊಬೈಲ್‌ನಲ್ಲಿ ಹುಡುಕಿದರೆ ಮತ್ತೆ ಕತೆಯ ಗುಟ್ಟೇ ಎದುರಿಗೆ ಬರುತ್ತದೆ. ಕ್ರೂಗೆ ಎಂದರೆ ದುಡ್ಡು, ದ್ರುಸ್ಕೆಲ್ಲೆ ಎಂದರೆ ಮಥಾಯಸ್ ಇದ್ದ ಬೇಟೆಗಾರರ ಪಡೆ. ಗ್ರಿಶಾಗಳಲ್ಲಿ ಮೂರು ಪಂಗಡ: ದೇಹದ ಮೇಲೆ ಹಿಡಿತವಿರುವವರು, ಗಾಳಿ-ಬೆಂಕಿ-ನೀರಿನ ಮೇಲೆ ಹಿಡಿತವಿರುವವರು, ಲೋಹ-ಗಾಜು-ರಸಾಯನದಂಥ ವಸ್ತುಗಳ ಮೇಲೆ ಹಿಡಿತವಿರುವವರು. ಇಷ್ಟು ತಿಳಿದಿದ್ದರೆ ಮೊದಲ ನೂರು ಪುಟ ದಾಟಬಹುದು. ಬ್ಯಾರೆಲ್ ಎಂದರೆ ಇಲ್ಲಿ ಪೀಪಾಯಿ ಎಂದು ತಿಳಿಯಬೇಡಿ, ಜೂಜುಕೋರರ ಕೇರಿಯ ಹೆಸರು ಅದು. ಡ್ರೆಗ್ಸ್ ಎಂಬುದು ಕಾಜ್‌ನ ಗುಂಪಿನ ಹೆಸರು. ಉಳಿದ ಕಠಿಣ ಇಂಗ್ಲಿಷ್ ಪದಗಳನ್ನು ಗೆರೆ ಹಾಕಿ ಬಿಟ್ಟು ಮುಂದೆ ಓದಿ. ಅಧ್ಯಾಯ ಮುಗಿದ ಮೇಲೆ ಅವುಗಳಲ್ಲಿ ಮೂರನ್ನು ಮಾತ್ರ ಹುಡುಕಿ ನೋಡಿ. ಸಾಲುಸಾಲಿಗೂ ನಿಂತು ಅರ್ಥ ನೋಡುವವರು ವಾಕ್ಯ ಕಲಿಯುತ್ತಾರೆ, ಕತೆ ಕಳೆದುಕೊಳ್ಳುತ್ತಾರೆ.

ಪುಸ್ತಕದ ಮುಂಭಾಗದ ನಕಾಶೆಗಳನ್ನು ಹಾರಿಸಬೇಡಿ, ವಿಶೇಷವಾಗಿ ಐಸ್ ಕೋರ್ಟ್ ಕೋಟೆಯದನ್ನು. ಮೂರು ಕೋಟಿ ಕ್ರೂಗೆ ಬಹುಮಾನಕ್ಕಾಗಿ ಇವರು ಆ ಕೋಟೆಗೆ ನುಗ್ಗುವುದೇ ಕಾದಂಬರಿಯ ಉತ್ತರಾರ್ಧ. ಒಂದರೊಳಗೊಂದು ಎರಡು ವೃತ್ತ ಬರೆಯಿರಿ. ಹೊರಗಿನ ಉಂಗುರವನ್ನು ಮೂರು ಪಾಲು ಮಾಡಿ: ಸೆರೆಮನೆ, ದ್ರುಸ್ಕೆಲ್ಲೆಗಳ ಠಾಣೆ, ವಿದೇಶಿ ಅತಿಥಿಗಳ ರಾಯಭಾರ ಕಚೇರಿ. ಒಳಗಿನ ವೃತ್ತ ಅರಮನೆಯ ಶ್ವೇತ ದ್ವೀಪ, ನಡುವೆ ಮಂಜುಗಡ್ಡೆಯ ಕಂದಕ. ನುಗ್ಗಿದ ಮೇಲೆ ಆರೂ ಜನ ಬೇರೆ ಬೇರೆ ಪಾಲಿಗೆ ಚದುರುತ್ತಾರೆ, ಹೊತ್ತು ಗೊತ್ತಾಗುವುದು ಗಡಿಯಾರದ ಗಂಟೆಯಿಂದ. ಪ್ರತಿ ಅಧ್ಯಾಯಕ್ಕೂ ಯಾರು ಯಾವ ಪಾಲಿನಲ್ಲಿದ್ದಾರೆ, ಎಷ್ಟು ಗಂಟೆ ಬಾರಿಸಿತು ಎಂದು ಚಿತ್ರದ ಮೇಲೆ ಒಂದು ಚುಕ್ಕಿ ಇಡಿ. ಈ ಚಿತ್ರವಿಲ್ಲದೆ ಓದಿದವರಿಗೆ ಅತ್ಯಂತ ರೋಮಾಂಚಕವಾದ ನೂರೈವತ್ತು ಪುಟಗಳು ಬರೀ ಓಡಾಟವಾಗಿ ಕಾಣುತ್ತವೆ.

ಇಷ್ಟೊಂದು ಬಗೆಯ ಜನರನ್ನು ಲೇಖಕಿ ಬರೀ ಅಲಂಕಾರಕ್ಕೆ ತಂದಿದ್ದಾರೋ, ಕತೆಗೆ ಬೇಕಾಗಿ ತಂದಿದ್ದಾರೋ ಎಂದು ನೋಡುವುದನ್ನೂ ಕಲಿಯಿರಿ, ಮುಂದೆ ಬೇರೆ ಪುಸ್ತಕ ಆರಿಸಲು ಇದು ಬೇಕಾಗುತ್ತದೆ. ಪಾತ್ರದ ಗುರುತು ಅವರ ತೀರ್ಮಾನವನ್ನು ಬದಲಿಸುತ್ತದೆಯೇ? ಕಾಜ್‌ನ ಕುಂಟು ಕಾಲು ಪರಿಚಯದ ಸಾಲಿನಲ್ಲಿ ಬಂದು ಮಾಯವಾಗುವುದಿಲ್ಲ. ಮೆಟ್ಟಿಲು ಹತ್ತುವಾಗ ನೋಯುತ್ತದೆ, ಯೋಜನೆ ಹಾಕುವಾಗ ಲೆಕ್ಕಕ್ಕೆ ಬರುತ್ತದೆ, ಊರುಗೋಲೇ ಆಯುಧವಾಗುತ್ತದೆ. ಬಾರ್ಡುಗೊ ಅವರಿಗೂ ಮೂಳೆಯ ಕಾಯಿಲೆಯಿದ್ದು ಕೆಲವೊಮ್ಮೆ ಊರುಗೋಲು ಹಿಡಿಯುತ್ತಾರೆ, ಆ ತಿಳಿವು ಬರವಣಿಗೆಯಲ್ಲಿದೆ. ಇನೆಜ್‌ಳ ಭಕ್ತಿ ಅವಳು ಯಾರನ್ನು ಕೊಲ್ಲಬಹುದು, ಯಾರನ್ನು ಬಿಡಬೇಕು ಎಂಬಲ್ಲಿ ಅಡ್ಡ ಬರುತ್ತದೆ. ಹುಡುಗನಿಗೆ ಹುಡುಗನ ಮೇಲೆ ಒಲವು ಹುಟ್ಟುವುದೂ ಇಲ್ಲಿದೆ, ಸುತ್ತಲಿನವರು ಅದನ್ನು ದೊಡ್ಡ ಸುದ್ದಿ ಮಾಡುವುದಿಲ್ಲ. ಆದರೆ ಶೂ ಹಾನ್ ನಾಡಿನವರ ವಿಷಯದಲ್ಲಿ ಕಾದಂಬರಿ ಸೋತಿದೆ ಎಂದೇ ನಾವು ಹೇಳುತ್ತೇವೆ. ಕತೆಗೆ ಕಾರಣನಾದ ವಿಜ್ಞಾನಿಯೇ ಆ ನಾಡಿನವನಾಗಿದ್ದರೂ ಅವರಲ್ಲಿ ಯಾರ ಕಣ್ಣಿಗೂ ಒಂದು ಅಧ್ಯಾಯ ಸಿಕ್ಕಿಲ್ಲ. ಹದಿನೇಳರ ಹುಡುಗರು ಮೂವತ್ತು ದಾಟಿದವರಂತೆ ಮಾತಾಡುತ್ತಾರೆ ಎಂಬ ದೂರೂ ನ್ಯಾಯವಾದದ್ದೇ.

ನಾಲ್ವರೂ ಸೇರಿ ಓದುವುದಾದರೆ ಒಂದೇ ಪ್ರತಿ ಸಾಕು. ವಾರಕ್ಕೆ ಐದು ಅಧ್ಯಾಯ ಇಟ್ಟುಕೊಂಡರೆ ಹತ್ತು ವಾರದೊಳಗೆ ಮುಗಿಯುತ್ತದೆ. ಒಬ್ಬೊಬ್ಬರು ಒಂದು ಪಾತ್ರದ ಹೊಣೆ ತೆಗೆದುಕೊಳ್ಳಿ, ಉಳಿದದ್ದನ್ನು ಹಂಚಿಕೊಳ್ಳಿ. ವಾರದ ಕೊನೆಗೆ ಒಂದು ಸನ್ನಿವೇಶ ಆರಿಸಿ, ಸಂಭಾಷಣೆಯನ್ನು ಪುಸ್ತಕ ಮುಚ್ಚಿ ನಿಮ್ಮ ಮಾತಿನಲ್ಲೇ ಆಡಿ. ಪಾತ್ರಕ್ಕೆ ತಕ್ಕ ಕನ್ನಡ ಹುಡುಕುವುದೇ ಇದರ ತಿರುಳು. ಮಾದರಿಗೆ, ಪುಸ್ತಕದಲ್ಲಿಲ್ಲದ ಒಂದು ಪ್ರಶ್ನೆ ಹಾಕೋಣ: “ಈ ಗ್ವಾಡಿ ಹತ್ತಾಕ ಆಗ್ತೈತೇನು?” ಇನೆಜ್: “ಕತ್ತಲಾಗ್ಲಿ.” ಜೆಸ್ಪರ್: “ಎಷ್ಟಕ್ಕ ಪಂದ್ಯ ಕಟ್ತೀರಿ, ಮೊದ್ಲ ಹೇಳ್ರಿ!” ನೀನಾ: “ಹತ್ತೂಣಂತ, ಮೊದ್ಲ ಏನರ ತಿನ್ನೂಣು.” ಮಥಾಯಸ್: “ಕಳ್ಳನಂತೆ ಗೋಡೆ ಹತ್ತುವುದು ನನಗೆ ಶೋಭಿಸುವುದಿಲ್ಲ.” ಕಾಜ್: “ಹತ್ತೂದ್ಯಾಕ? ಬಾಗಲಾ ಕಾಯಾಂವನ ಹೆಸರೇನು?” ಮಥಾಯಸ್‌ನಿಗೆ ಗ್ರಾಂಥಿಕ ಕನ್ನಡ ಏಕೆ ಸರಿಹೊಂದಿತು, ಕಾಜ್ ಏಕೆ ಪ್ರಶ್ನೆಯಲ್ಲೇ ಉತ್ತರಿಸಿದ ಎಂದು ಜಗಳಾಡಿ. ಹತ್ತು ನಿಮಿಷದ ಆ ಜಗಳ ಪಾತ್ರವನ್ನು ಬಾಯಿಪಾಠಕ್ಕಿಂತ ಗಟ್ಟಿಯಾಗಿ ನಿಲ್ಲಿಸುತ್ತದೆ.

ಶುರು ಮಾಡುವ ಮುನ್ನ ಗೆಳತಿಯರಿಗೆ ಒಂದು ವಿಷಯ ತಿಳಿಸಿರಿ. ಇನೆಜ್‌ಳನ್ನು ಚಿಕ್ಕವಳಿದ್ದಾಗ ಹಿಡಿದು ವೇಶ್ಯಾಗೃಹಕ್ಕೆ ಮಾರಿದ್ದ ಸಂಗತಿ ಕತೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ಹಡಗು ಹೊರಟ ಮೇಲೆ ಕಾಜ್ ಒಬ್ಬನನ್ನು ಹಿಂಸಿಸುವ ಭೀಕರ ದೃಶ್ಯವೂ ಇದೆ. ನಿಮ್ಮ ವಯಸ್ಸಿಗೆ ಓದಬಹುದಾದದ್ದೇ, ಎಂಟನೇ ತರಗತಿಯ ತಂಗಿಯರಿಗೆ ಈಗಲೇ ಕೊಡಬೇಡಿ. ಯಾರಿಗಾದರೂ ಸಂಕಟವಾದರೆ ಆ ಪುಟಗಳನ್ನು ಬಿಟ್ಟು, ಉಳಿದವರಿಂದ ಎರಡು ವಾಕ್ಯದಲ್ಲಿ ಕೇಳಿಕೊಂಡು ಮುಂದುವರಿಯಲಿ, ಕತೆ ಕಡಿದುಹೋಗುವುದಿಲ್ಲ.

ಇದೇ ಲೋಕದ ‘ಶ್ಯಾಡೋ ಆ್ಯಂಡ್ ಬೋನ್’ ಮೂರು ಸಂಪುಟಗಳು 2012ರಿಂದ 2014ರ ನಡುವೆ ಬಂದವು, ಈ ಕಾದಂಬರಿ 2015ರದು. ಅವನ್ನು ಓದದೆಯೂ ಇದನ್ನು ಓದಬಹುದು, ಅಲ್ಲಿನ ಕೊನೆಯ ಬಗ್ಗೆ ಕೆಲವು ಸುಳಿವು ಇಲ್ಲಿ ಸಿಗುತ್ತವೆ ಅಷ್ಟೆ. 2021 ಮತ್ತು 2023ರಲ್ಲಿ ಬಂದ ನೆಟ್‌ಫ್ಲಿಕ್ಸ್ ಸರಣಿಯನ್ನು ಮೊದಲು ನೋಡಬೇಡಿ, ಎರಡೂ ಕತೆಗಳನ್ನು ಬೆರೆಸಿದ್ದರಿಂದ ಪುಸ್ತಕದ ಕೋಟೆಯ ಕತೆ ಅದರಲ್ಲಿ ಸಿಗುವುದಿಲ್ಲ. ಈ ಪುಸ್ತಕದ ಕೊನೆ ಅರ್ಧಕ್ಕೆ ನಿಂತಂತಿದೆ, ಉಳಿದದ್ದು 2016ರ ‘ಕ್ರೂಕೆಡ್ ಕಿಂಗ್‌ಡಮ್’ನಲ್ಲಿದೆ, ಎರಡನ್ನೂ ಒಂದೇ ಕತೆಯೆಂದು ಲೆಕ್ಕ ಹಾಕಿಕೊಂಡು ಅಕ್ಕನಿಂದ ಅದನ್ನೂ ಈಗಲೇ ಕೇಳಿಟ್ಟುಕೊಳ್ಳಿ. ಮಡಿಸಿದ ಹಾಳೆಯನ್ನು ಎಸೆಯಬೇಡಿ. ಮೊದಲ ಪುಸ್ತಕದಲ್ಲಿ ವೈಲನ್‌ನ ಹೆಸರಿನ ಅಧ್ಯಾಯ ಒಂದೂ ಇಲ್ಲ, ಅವನನ್ನು ನಾವು ಬೇರೆಯವರ ಕಣ್ಣಿನಿಂದ ಮಾತ್ರ ನೋಡುತ್ತೇವೆ. ಎರಡನೆಯದರಲ್ಲಿ ಅವನ ಅಧ್ಯಾಯಗಳು ಬರುತ್ತವೆ. ಅವನ ಅಂಕಣದಲ್ಲಿ ಅಂಜಿಕೆಯ ಸಾಲನ್ನು ಅಲ್ಲಿಯ ತನಕ ಖಾಲಿ ಬಿಟ್ಟಿರಿ.